ಮಾಂಸ-ಹಾಲಿನ ಪ್ರಾಣಿಗಳ ಮೇವು: ಇಸ್ಲಾಮೀ ಧರ್ಮಶಾಸ್ತ್ರದ ನಿಯಮಗಳು ಮತ್ತು ಸಾಕುವವರ ಹೊಣೆ

ಪ್ರಾಣಿ ತಿಂದದ್ದು ಹಾಲು, ಮೊಟ್ಟೆ, ಮಾಂಸಗಳ ರೂಪದಲ್ಲಿ ಮನುಷ್ಯನ ತಟ್ಟೆಗೆ ಬರುತ್ತದೆ. ಈರುಳ್ಳಿ ಸೊಪ್ಪು ಮೇಯ್ದ ಹಸುವಿನ ಹಾಲಿನಲ್ಲಿ ಅದರ ವಾಸನೆ ಬರುವುದನ್ನೂ, ಮೀನಿನ ಪುಡಿ ಹೆಚ್ಚಾದಾಗ ಕೋಳಿಮಾಂಸ ನಾರುವುದನ್ನೂ ಸಾಕಿದವರು ಬಲ್ಲರು. ಬಕ್ರೀದ್ ಹತ್ತಿರವಾದಾಗ ಸಂತೆಗೆ ಬರುವ ಗಿರಾಕಿಗಳು ಕುರಿ, ಹೋತಗಳ ಹಲ್ಲು ನೋಡುತ್ತಾರೆ. ಕಾಲು, ಕೊಂಬು, ಕಿವಿ ಪರೀಕ್ಷಿಸುತ್ತಾರೆ. ಬೆನ್ನು ಹಿಡಿದು ಮಾಂಸ ಅಂದಾಜು ಮಾಡುತ್ತಾರೆ. ಆದರೆ ಆ ಪ್ರಾಣಿ ಏನನ್ನು ತಿಂದು ಬೆಳೆಯಿತೆಂಬುದು ಅವರ ಕಣ್ಣಿಗೆ ಕಾಣುವುದಿಲ್ಲ. ಅದನ್ನು ಬಲ್ಲವನು ಸಾಕಿದವನೊಬ್ಬನೇ. ಆದ್ದರಿಂದ ಅದರ ಹೊಣೆಯೂ ಅವನದೇ.

ಈ ಹೊಣೆಯ ಬಗ್ಗೆ ಇಸ್ಲಾಮೀ ಧರ್ಮಶಾಸ್ತ್ರಜ್ಞರು ಸಾವಿರಕ್ಕೂ ಹೆಚ್ಚು ವರ್ಷಗಳಿಂದ ವಿಚಾರ ಮಾಡಿದ್ದಾರೆ. ಮದೀನಾ, ಕೂಫಾ, ಬಾಗ್ದಾದ್, ಡಮಾಸ್ಕಸ್ ನಗರಗಳಲ್ಲಿ ಒಂಟೆ, ಕುರಿ, ದನ, ಕೋಳಿ ಸಾಕುವ ಜನರ ನಡುವೆ ಈ ನಿಯಮಗಳು ರೂಪುಗೊಂಡವು. ಇವುಗಳನ್ನು ತಿಳಿಯುವುದರಿಂದ ರೈತರಿಗೆ ಎರಡು ಪ್ರಯೋಜನಗಳಿವೆ. ಮೊದಲನೆಯದಾಗಿ, ತಮ್ಮ ಪ್ರಾಣಿಗಳನ್ನು ಕೊಳ್ಳುವ ಅನೇಕರು ಪಾಲಿಸುವ ನಿಯಮ ಯಾವುದೆಂದು ತಿಳಿಯುತ್ತದೆ. ಎರಡನೆಯದಾಗಿ, ಈ ನಿಯಮಗಳು ಇಂದಿನ ಪಶು ಆಹಾರ ವಿಜ್ಞಾನಕ್ಕೆ ಎಲ್ಲಿ ಹೊಂದುತ್ತವೆ, ವಿಜ್ಞಾನವು ಎಲ್ಲಿ ಇನ್ನೂ ಹೆಚ್ಚಿನ ಎಚ್ಚರಿಕೆ ಕೇಳುತ್ತದೆ ಎಂಬುದು ಸ್ಪಷ್ಟವಾಗುತ್ತದೆ.

ಮೊದಲ ಹೊಣೆ: ಹೊಟ್ಟೆ ತುಂಬಿಸುವುದು

ಶಾಸ್ತ್ರಗ್ರಂಥಗಳಲ್ಲಿ ಪ್ರಾಣಿಗಳ ಮೇವಿನ ವಿಷಯವು ಹೆಂಡತಿ ಮಕ್ಕಳ ಪೋಷಣೆಯ ಅಧ್ಯಾಯದ ಜೊತೆಯಲ್ಲಿಯೇ ಬರುತ್ತದೆ. ಪ್ರಾಣಿಯನ್ನು ಕಟ್ಟಿಹಾಕಿದವನು ಅದಕ್ಕೆ ಮೇವು ನೀರು ಕೊಡಬೇಕು, ಇಲ್ಲವೆ ಸಾಕಷ್ಟು ಹುಲ್ಲಿರುವ ಕಡೆ ಮೇಯಲು ಬಿಡಬೇಕು. ಕೊಡದಿದ್ದರೆ ಮೇವು ಹಾಕುವಂತೆ, ಇಲ್ಲವೆ ಮಾರುವಂತೆ, ತಿನ್ನಲು ಯೋಗ್ಯವಾದ ಪ್ರಾಣಿಯಾದರೆ ಕೊಯ್ಯುವಂತೆ ನ್ಯಾಯಾಧಿಕಾರಿಯು ಬಲವಂತ ಮಾಡಬಹುದೆಂದು ಮಾಲಿಕೀ, ಶಾಫಿಈ, ಹಂಬಲೀ ಪಂಥಗಳು ಹೇಳುತ್ತವೆ. ಹನಫೀ ಪಂಥದ ಮುಖ್ಯ ಅಭಿಪ್ರಾಯದಂತೆ ಇದು ದೇವರಿಗೆ ಉತ್ತರ ಕೊಡಬೇಕಾದ ಕರ್ತವ್ಯ. ನ್ಯಾಯಾಲಯದ ಬಲವಂತ ಇದಕ್ಕಿಲ್ಲ. ಆದರೆ ಅದೇ ಪಂಥದ ಹಿರಿಯ ಪಂಡಿತರಾದ ಅಬೂ ಯೂಸುಫ್ ಅವರು ಬಲವಂತ ಮಾಡಬಹುದೆಂದೇ ಅಭಿಪ್ರಾಯಪಟ್ಟರು.

13ನೆಯ ಶತಮಾನದ ಸಿರಿಯಾದ ಶಾಫಿಈ ಪಂಡಿತ ನವವೀ ಅವರು ಈ ವಿಷಯವನ್ನು ವಿವರವಾಗಿ ಬರೆದಿದ್ದಾರೆ. ಕರುವಿಗೆ ಸಾಲದಂತೆ ತಾಯಿಯ ಹಾಲನ್ನು ಕರೆದುಕೊಳ್ಳಬಾರದು. ಹಾಲು ಕರೆಯುವವನು ಉಗುರು ಕತ್ತರಿಸಿಕೊಂಡಿರುವುದು ಒಳ್ಳೆಯದು; ಕೆಚ್ಚಲಿಗೆ ನೋವಾಗಬಾರದು. ಜೇನು ತೆಗೆಯುವಾಗ ಹುಳುಗಳ ಪಾಲಿನಷ್ಟನ್ನು ಗೂಡಿನಲ್ಲಿ ಉಳಿಸಬೇಕು. ರೇಷ್ಮೆ ಹುಳು ಸಾಕಿದವನು ಅದಕ್ಕೆ ಹಿಪ್ಪುನೇರಳೆ ಸೊಪ್ಪನ್ನು ಒದಗಿಸಲೇಬೇಕು. ರಾಮನಗರ, ಕೋಲಾರದ ಕಡೆಯ ರೇಷ್ಮೆ ಬೆಳೆಗಾರರಿಗೆ ಸೊಪ್ಪಿನ ಕೊರತೆಯ ಸಂಕಟವೇನೆಂದು ಹೇಳಿಕೊಡಬೇಕಾಗಿಲ್ಲ.

ಹಬ್ಬದ ಬಲಿಗೂ ಈ ನಿಯಮ ಸಂಬಂಧಿಸಿದೆ. ಮೂಳೆಯಲ್ಲಿ ನೆಣವಿಲ್ಲದಷ್ಟು ಬಡಕಲಾದ ಪ್ರಾಣಿ ಬಕ್ರೀದ್ ಬಲಿಗೆ ಸಲ್ಲದು. ಹಸಿವಿನಲ್ಲಿಟ್ಟ ಪ್ರಾಣಿ ಧರ್ಮದ ಲೆಕ್ಕದಲ್ಲಿಯೂ ಹೊರಗೆ, ವ್ಯಾಪಾರದ ಲೆಕ್ಕದಲ್ಲಿಯೂ ನಷ್ಟ.

ಜಲ್ಲಾಲ ಎಂದರೇನು?

ಮಲ ಮುಂತಾದ ಹೊಲಸನ್ನು ತಿಂದು ಬದುಕುವ ಪ್ರಾಣಿಗೆ ಅರಬ್ಬೀ ಭಾಷೆಯಲ್ಲಿ ‘ಜಲ್ಲಾಲ’ ಎನ್ನುತ್ತಾರೆ. ಒಂಟೆ, ದನ, ಕುರಿ, ಮೇಕೆ, ಕೋಳಿ, ಬಾತು ಯಾವುದಾದರೂ ಜಲ್ಲಾಲ ಆಗಬಹುದು. ಇಂತಹ ಪ್ರಾಣಿಯ ಮಾಂಸ ಮತ್ತು ಹಾಲನ್ನು ಪ್ರವಾದಿ ಮಹಮ್ಮದರು ಬೇಡವೆಂದರೆಂದು ಅವರ ಸಂಗಡಿಗರಾದ ಇಬ್ನ್ ಉಮರ್ ಅವರಿಂದ ಬಂದ ವರದಿ ಅಬೂ ದಾವೂದ್ ಮತ್ತು ತಿರ್ಮಿದೀ ಅವರ ಸಂಗ್ರಹಗಳಲ್ಲಿದೆ. ಈ ಪ್ರಾಣಿಯ ಮೇಲೆ ಸವಾರಿಯನ್ನೂ ಬೇಡವೆಂದ ವರದಿಗಳಿವೆ. ಅದರ ಬೆವರಿನ ವಾಸನೆ ಸವಾರನಿಗೆ ಹತ್ತುವುದೇ ಅದಕ್ಕೆ ಕಾರಣವೆಂದು ಪಂಡಿತರು ವಿವರಿಸಿದ್ದಾರೆ.

ಆದರೆ ಒಮ್ಮೆ ಹೊಲಸಿಗೆ ಬಾಯಿ ಹಾಕಿದ ಪ್ರಾಣಿಯೆಲ್ಲ ಜಲ್ಲಾಲ ಅಲ್ಲ. ಪ್ರವಾದಿಯವರ ಸಂಗಡಿಗರಾದ ಅಬೂ ಮೂಸಾ ಅಲ್-ಅಶ್ಅರೀ ಅವರ ಮನೆಯ ಊಟದಲ್ಲಿ ಒಬ್ಬನು, ಕೋಳಿ ಹೊಲಸು ತಿನ್ನುವುದನ್ನು ನೋಡಿದ್ದೇನೆಂದು ಹೇಳಿ ಕೋಳಿಮಾಂಸ ಬೇಡವೆಂದನು. ಪ್ರವಾದಿಯವರೇ ಕೋಳಿಮಾಂಸ ತಿಂದುದನ್ನು ತಾವು ಕಂಡಿರುವುದಾಗಿ ಅಬೂ ಮೂಸಾ ಉತ್ತರಿಸಿದರು. ಬುಖಾರಿಯವರ ಸಂಗ್ರಹದಲ್ಲಿರುವ ಈ ಪ್ರಸಂಗದ ಆಧಾರದ ಮೇಲೆ, ತಿಪ್ಪೆ ಕೆದಕಿದರೂ ಕಾಳುಕಡ್ಡಿಯನ್ನೇ ಹೆಚ್ಚಾಗಿ ತಿನ್ನುವ ನಾಟಿ ಕೋಳಿ ಜಲ್ಲಾಲ ಅಲ್ಲವೆಂದು ಪಂಡಿತರು ತೀರ್ಮಾನಿಸಿದರು.

ಇನ್ನೊಂದು ಪ್ರಸಂಗವೂ ಇಲ್ಲಿ ಮುಖ್ಯ. ಕ್ರಿ.ಶ. 630ರ ತಬೂಕ್ ಯಾತ್ರೆಯಲ್ಲಿ ಅಲ್-ಹಿಜ್ರ್ ಎಂಬಲ್ಲಿ, ಬಳಸಬಾರದ ಬಾವಿಯ ನೀರಿನಿಂದ ಕಲಸಿದ ಹಿಟ್ಟನ್ನು ಜನರು ತಿನ್ನದೆ ಒಂಟೆಗಳಿಗೆ ಹಾಕುವಂತೆ ಪ್ರವಾದಿಯವರು ಹೇಳಿದರು. ಜನ ತಿನ್ನಲಾಗದ ಆಹಾರವನ್ನು ಪ್ರಾಣಿಗೆ ಹಾಕುವುದಕ್ಕೆ ಅವಕಾಶವಿದೆ ಎಂಬುದಕ್ಕೆ ಇದನ್ನು ಆಧಾರವಾಗಿ ಕೊಡುತ್ತಾರೆ. ಎಂದಮೇಲೆ ಮುಖ್ಯ ಪ್ರಶ್ನೆ ಹೊಲಸಿನ ಪ್ರಮಾಣ ಮತ್ತು ಪರಿಣಾಮದ್ದು.

ಪಂಥಗಳ ಅಭಿಪ್ರಾಯಗಳು

ಹನಫೀ ಪಂಥ: ಕೂಫಾದ ಇಮಾಮ್ ಅಬೂ ಹನೀಫಾ (699-767) ಅವರನ್ನು ಅನುಸರಿಸುವ ಪಂಥ. ಕರ್ನಾಟಕದ ಒಳನಾಡಿನ ಮುಸಲ್ಮಾನರಲ್ಲಿ ಬಹುಪಾಲು ಜನ ಈ ಪಂಥದವರು. ಹೊಲಸನ್ನೇ ತಿಂದು ಮೈ, ಮಾಂಸ ನಾರುತ್ತಿದ್ದರೆ ಅಂತಹ ಪ್ರಾಣಿ ‘ಮಕ್ರೂಹ್’, ಅಂದರೆ ಅಸಮ್ಮತ. ಹಂದಿಯ ಹಾಲು ಕುಡಿದು ಬೆಳೆದ ಮೇಕೆಮರಿಯ ಉದಾಹರಣೆ ಹನಫೀ ಗ್ರಂಥಗಳಲ್ಲಿದೆ. ಅದರ ಮಾಂಸ ಕೆಟ್ಟಿಲ್ಲ, ಕುಡಿದದ್ದು ಕರಗಿ ಗುರುತಿಲ್ಲದಂತಾಗಿದೆ. ಆದ್ದರಿಂದ ತಿನ್ನಬಹುದೆಂದು ಆ ಗ್ರಂಥಗಳು ಹೇಳುತ್ತವೆ.

ಶಾಫಿಈ ಪಂಥ: ಕರಾವಳಿಯ ಬ್ಯಾರಿಗಳು ಮತ್ತು ಭಟ್ಕಳದ ನವಾಯತರು ಈ ಪಂಥದವರು. ಇಲ್ಲಿಯೂ ವಾಸನೆ ಕೆಟ್ಟಿದೆಯೇ ಎಂಬುದೇ ಅಳತೆ. ಕೆಟ್ಟಿದ್ದರೆ ಮಕ್ರೂಹ್ ಎಂದು ನವವೀ ಅವರ ತೀರ್ಮಾನ. ಪೂರ್ತಿ ನಿಷಿದ್ಧವೆಂದ ಪಂಡಿತರೂ ಇದ್ದಾರೆ.

ಹಂಬಲೀ ಪಂಥ: ಮೇವಿನ ಬಹುಪಾಲು ಹೊಲಸೇ ಆಗಿದ್ದರೆ ಅದರ ಮಾಂಸ, ಹಾಲು ‘ಹರಾಮ್’, ಅಂದರೆ ನಿಷಿದ್ಧ ಎಂಬುದು ಈ ಪಂಥದ ಪ್ರಸಿದ್ಧ ಅಭಿಪ್ರಾಯ.

ಮಾಲಿಕೀ ಪಂಥ: ತಿಂದದ್ದು ದೇಹದೊಳಗೆ ಬದಲಾಗಿ ರಕ್ತಮಾಂಸವಾಗುವುದರಿಂದ ಇಂತಹ ಪ್ರಾಣಿಯನ್ನು ತಿನ್ನಲು ಅಡ್ಡಿಯಿಲ್ಲವೆಂದು ಈ ಪಂಥ ಹೇಳುತ್ತದೆ.

ಶಿಯಾ ಜಾಫರೀ ಪಂಥ: ಮನುಷ್ಯ ಮಲವನ್ನೇ ತಿಂದು ಬೆಳೆದ ಪ್ರಾಣಿ ಜಲ್ಲಾಲ, ಅದನ್ನು ನಿಗದಿಯಾದ ದಿನ ಶುದ್ಧ ಮೇವಿನಲ್ಲಿ ಇಡುವವರೆಗೆ ತಿನ್ನುವಂತಿಲ್ಲ.

ಶುದ್ಧ ಮೇವಿನ ಅವಧಿ

ಮಲಿನವಾದ ಪ್ರಾಣಿಯನ್ನು ಕೂಡಿಹಾಕಿ, ಶುದ್ಧ ಮೇವು ನೀರು ಕೊಟ್ಟು, ಕೆಲವು ದಿನ ಕಾದ ಮೇಲೆ ಬಳಸಬಹುದೆಂಬುದು ಈ ಶಾಸ್ತ್ರದ ಬಹು ಉಪಯುಕ್ತ ಅಂಶ. ಇಬ್ನ್ ಉಮರ್ ಅವರು ಇಂತಹ ಕೋಳಿಯನ್ನು 3 ದಿನ ಕೂಡಿಹಾಕುತ್ತಿದ್ದರೆಂದು ವರದಿಯಿದೆ. ಗ್ರಂಥಗಳಲ್ಲಿ ಬರುವ ಅವಧಿಗಳು ಹೀಗಿವೆ:

ಹನಫೀ: ಕೋಳಿ 3 ದಿನ, ಕುರಿ, ಮೇಕೆ 4 ದಿನ, ದನ, ಒಂಟೆ 10 ದಿನ.
ಹಂಬಲೀ (ಒಂದು ಅಭಿಪ್ರಾಯ): ಎಲ್ಲ ಪ್ರಾಣಿಗಳಿಗೂ 3 ದಿನ.
ಹಂಬಲೀ (ಇನ್ನೊಂದು ಅಭಿಪ್ರಾಯ): ಕೋಳಿ 3 ದಿನ, ದನ, ಒಂಟೆ 40 ದಿನ.
ಜಾಫರೀ: ಕೋಳಿ 3 ದಿನ, ಬಾತು 5 ದಿನ, ಕುರಿ 10 ದಿನ, ದನ 20 ದಿನ, ಒಂಟೆ 40 ದಿನ. ಬಾತಿಗೆ 7, ದನಕ್ಕೆ 30 ದಿನ ಎಂದವರೂ ಇದ್ದಾರೆ.
ಶಾಫಿಈ: ಮುಖ್ಯವಾಗಿ ದುರ್ವಾಸನೆ ಹೋಗುವವರೆಗೆ.

ಅಬೂ ಹನೀಫಾ ಅವರು ಸ್ವತಃ ದಿನ ನಿಗದಿ ಮಾಡದೆ, ಶುದ್ಧವಾಗುವವರೆಗೆ ಕೂಡಿಹಾಕಬೇಕು ಎಂದಷ್ಟೇ ಹೇಳಿದರೆಂಬ ವರದಿಯೂ ಇದೆ. ಪಂಥಗಳು ಬೇರೆಯಾದರೂ ಈ ಪಟ್ಟಿಗಳಲ್ಲಿ ಒಂದು ಕ್ರಮವಿದೆ: ಸಾಮಾನ್ಯವಾಗಿ ಪ್ರಾಣಿ ದೊಡ್ಡದಾದಷ್ಟೂ ಅವಧಿ ದೀರ್ಘ. ಕೋಳಿಯ ಕರುಳಿನಲ್ಲಿ ಆಹಾರ ಕೆಲವು ಗಂಟೆಗಳಲ್ಲಿ ಸಾಗಿಹೋಗುತ್ತದೆ. ಮೆಲುಕು ಹಾಕುವ ದನದಲ್ಲಿ 2-3 ದಿನ ಬೇಕಾಗುತ್ತದೆ. ಅನುಭವದಿಂದ ಕಂಡುಕೊಂಡ ಕ್ರಮವು ದೇಹಧರ್ಮಕ್ಕೆ ಹೊಂದಿಕೊಂಡೇ ಇದೆ.

ಚರಂಡಿ ನೀರಿನ ಮೇವು

ಹೊಲಸು ನೀರು, ಮಲಗೊಬ್ಬರಗಳಿಂದ ಬೆಳೆದ ಬೆಳೆಯ ಬಗ್ಗೆಯೂ ಚರ್ಚೆ ನಡೆದಿದೆ. ಮಣ್ಣಿನಲ್ಲಿ ಹೊಲಸು ಬೇರೆ ರೂಪ ತಾಳುವುದರಿಂದ ಅಂತಹ ಬೆಳೆ ಬಳಸಲು ಯೋಗ್ಯವೆಂದು ಬಹುಪಾಲು ಪಂಡಿತರ ಮತ. ಹಂಬಲೀ ಪಂಥದ ಪ್ರಸಿದ್ಧ ಅಭಿಪ್ರಾಯದಂತೆ, ಶುದ್ಧ ನೀರು ಹಾಯಿಸಿದ ಮೇಲೆಯೇ ಅದು ಯೋಗ್ಯ. ಸೌದಿ ಅರೇಬಿಯಾದ ಹಿರಿಯ ಧರ್ಮಪಂಡಿತರ ಮಂಡಳಿಯು 1978ರಲ್ಲಿ ಈ ವಿಷಯವನ್ನು ಪರಿಶೀಲಿಸಿತು. ಕೊಳಚೆ ನೀರನ್ನು ಪೂರ್ತಿಯಾಗಿ ಶುದ್ಧೀಕರಿಸಿ ಬಣ್ಣ, ರುಚಿ, ವಾಸನೆಗಳಲ್ಲಿ ದೋಷವಿಲ್ಲದಂತಾದರೆ ಅದು ಶುದ್ಧ ನೀರೇ, ಆದರೆ ಆರೋಗ್ಯಕ್ಕೆ ಹಾನಿಯಿರಬಾರದು ಎಂದು ತೀರ್ಮಾನಿಸಿತು.

ಹೈದರಾಬಾದಿನ ಮೂಸಿ ನದಿಯ ಬದಿಯಲ್ಲಿ ನಗರದ ಕೊಳಚೆ ನೀರಿನಿಂದ ಪ್ಯಾರಾ ಹುಲ್ಲು ಬೆಳೆದು ಹೈನು ರಾಸುಗಳಿಗೆ ಹಾಕುವ ಪದ್ಧತಿ ಬಹುಕಾಲದಿಂದ ಬಂದಿದೆ. ನಮ್ಮ ನಗರಗಳ ಅಂಚಿನಲ್ಲಿಯೂ ಇಂತಹ ಹುಲ್ಲು ಸಮೃದ್ಧವಾಗಿ ಬೆಳೆಯುತ್ತದೆ, ಏಕೆಂದರೆ ಆ ನೀರಿನಲ್ಲಿ ಸಾರಜನಕ ಹೇರಳ. ಆದರೆ ಕಾರ್ಖಾನೆಗಳ ನೀರು ಅದಕ್ಕೆ ಸೇರಿದರೆ ಸೀಸ, ಕ್ಯಾಡ್ಮಿಯಂಗಳಂತಹ ಲೋಹಗಳು ಹುಲ್ಲಿನ ಮೂಲಕ ರಾಸುವಿನ ಯಕೃತ್ತು, ಮೂತ್ರಪಿಂಡಗಳನ್ನು ಸೇರಬಹುದು. ಹುಲ್ಲು ಹಸಿರಾಗಿದೆ ಎಂಬುದು ಶುದ್ಧತೆಗೆ ಸಾಕ್ಷಿಯಲ್ಲ.

ಮಾಂಸದ ಪುಡಿ, ರಕ್ತದ ಪುಡಿ, ಕೋಳಿ ಗೊಬ್ಬರ

ಕಸಾಯಿಖಾನೆಯ ಉಳಿಕೆಗಳಿಂದ ಮಾಂಸ-ಮೂಳೆ ಪುಡಿ, ರಕ್ತದ ಪುಡಿ ತಯಾರಿಸಿ ಪಶು ಆಹಾರದಲ್ಲಿ ಬೆರೆಸುವುದು 20ನೆಯ ಶತಮಾನದಲ್ಲಿ ಹರಡಿತು. ಹರಿದ ರಕ್ತ, ಸತ್ತ ಪ್ರಾಣಿಯ ಮಾಂಸ, ಹಂದಿಮಾಂಸ ಇವು ಇಸ್ಲಾಮಿನಲ್ಲಿ ನಿಷಿದ್ಧ. ಇವುಗಳನ್ನು ತಿಂದ ಕೋಳಿ, ಮೀನುಗಳ ಗತಿಯೇನೆಂಬ ಪ್ರಶ್ನೆ ಹೀಗೆ ಎದ್ದಿತು.

ಮಲೇಷ್ಯಾದ ರಾಷ್ಟ್ರೀಯ ಫತ್ವಾ ಸಮಿತಿಯು 2006ರ ಏಪ್ರಿಲ್‌ನಲ್ಲಿ ಮೀನಿನ ಬಗ್ಗೆ ಕಟ್ಟುನಿಟ್ಟಾದ ತೀರ್ಪು ಕೊಟ್ಟಿತು. ಹೊಲಸು ನೀರಿನಲ್ಲಿ ಸಾಕಿದ, ಇಲ್ಲವೆ ಹಂದಿಮಾಂಸ, ಸತ್ತ ಪ್ರಾಣಿ ಮುಂತಾದವನ್ನು ಬೇಕೆಂದೇ ಹಾಕಿ ಬೆಳೆಸಿದ ಮೀನು ಹರಾಮ್ ಎಂದು ಸಾರಿತು. ಇಂಡೋನೇಷ್ಯಾದ ಉಲೇಮಾ ಮಂಡಳಿಯು 2012ರಲ್ಲಿ ಸಾಕುಪ್ರಾಣಿಗಳ ಬಗ್ಗೆ ಕೊಟ್ಟ ಫತ್ವಾ ಹಳೆಯ ಅಳತೆಗಳನ್ನೇ ಹಿಡಿಯಿತು. ಅಶುದ್ಧ ಪದಾರ್ಥದ ಪಾಲು ಕಡಿಮೆಯಿದ್ದರೆ, ಇಲ್ಲವೆ ಅದರಿಂದ ಮಾಂಸದ ವಾಸನೆ ರುಚಿಗಳು ಕೆಡದೆ ತಿನ್ನುವವನಿಗೆ ಹಾನಿಯಿಲ್ಲದಿದ್ದರೆ ಹಲಾಲ್. ಕೆಟ್ಟರೆ ಅಥವಾ ಹಾನಿಯಾದರೆ ಹರಾಮ್. ಒಂದು ದೇಶದ ತೀರ್ಪು ತಿನ್ನಿಸಿದವನ ಉದ್ದೇಶವನ್ನು ನೋಡಿತು, ಇನ್ನೊಂದು ದೇಶದ್ದು ಪರಿಣಾಮವನ್ನು ನೋಡಿತು.

ಇದೇ ಪದಾರ್ಥ ವಿಜ್ಞಾನಕ್ಕೂ ದೊಡ್ಡ ಪಾಠ ಕಲಿಸಿತು. 1986ರಲ್ಲಿ ಬ್ರಿಟನ್ನಿನಲ್ಲಿ ದನಗಳ ಮಿದುಳನ್ನು ರಂಧ್ರಮಯವಾಗಿಸುವ ಹೊಸ ರೋಗ ಪತ್ತೆಯಾಯಿತು. ಇದನ್ನೇ ಜನ ‘ಹುಚ್ಚು ಹಸು ರೋಗ’ ಎಂದರು. ಮೆಲುಕು ಹಾಕುವ ಪ್ರಾಣಿಗಳ ಮಾಂಸ-ಮೂಳೆ ಪುಡಿಯನ್ನು ದನಗಳಿಗೇ ತಿನ್ನಿಸಿದ್ದರಿಂದ ಅದು ಹರಡಿತೆಂದು ಕಂಡುಬಂದು, 1988ರ ಜುಲೈನಲ್ಲಿ ಆ ಮೇವನ್ನು ನಿಷೇಧಿಸಲಾಯಿತು. ಮನುಷ್ಯರಿಗೂ ಈ ರೋಗದ ಸಂಬಂಧವಿರಬಹುದೆಂದು 1996ರ ಮಾರ್ಚ್‌ನಲ್ಲಿ ಅಲ್ಲಿನ ಸರಕಾರ ಒಪ್ಪಿಕೊಂಡಿತು. ಭಾರತದಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮದಂತೆ ಕೋಳಿ, ಹಂದಿ, ಮೀನು ಬಿಟ್ಟು ಉಳಿದ ಹಾಲು-ಮಾಂಸದ ಪ್ರಾಣಿಗಳಿಗೆ ದನ, ಹಂದಿಗಳಿಂದ ಬಂದ ಮಾಂಸ-ಮೂಳೆ ಪುಡಿ ಮತ್ತು ರಕ್ತದ ಪುಡಿ ಹಾಕುವಂತಿಲ್ಲ.

ಕೋಳಿ ಗೊಬ್ಬರವನ್ನು ಒಣಗಿಸಿ ದನ, ಕುರಿಗಳಿಗೆ ತಿನ್ನಿಸುವ ಪ್ರಯೋಗಗಳೂ ಹಲವು ದೇಶಗಳಲ್ಲಿ ನಡೆದಿವೆ. ಅದರಲ್ಲಿರುವ ಸಾರಜನಕವನ್ನು ಮೆಲುಕು ಹಾಕುವ ಪ್ರಾಣಿಯ ಹೊಟ್ಟೆಯ ಸೂಕ್ಷ್ಮಜೀವಿಗಳು ಬಳಸಿಕೊಳ್ಳಬಲ್ಲವು. ತಿನ್ನಲು ಯೋಗ್ಯವಾದ ಪ್ರಾಣಿಯ ಹಿಕ್ಕೆ ಶುದ್ಧವೆಂದು ಮಾಲಿಕೀ, ಹಂಬಲೀ ಪಂಥಗಳೂ, ಕೋಳಿ ಹಿಕ್ಕೆ ಅಶುದ್ಧವೆಂದು ಹನಫೀ, ಶಾಫಿಈ ಪಂಥಗಳೂ ಹೇಳುತ್ತವೆ. ಕರ್ನಾಟಕದ ಗಿರಾಕಿಗಳಲ್ಲಿ ಹೆಚ್ಚಿನವರು ಕೊನೆಯ ಎರಡು ಪಂಥದವರು. ಜೊತೆಗೆ ಗೊಬ್ಬರದಲ್ಲಿ ಕೋಳಿ ಆಹಾರದ ತಾಮ್ರ ಉಳಿದಿದ್ದರೆ ಕುರಿಗಳಿಗೆ ವಿಷವಾಗುತ್ತದೆ. ಸತ್ತ ಕೋಳಿಯ ಚೂರು ಸೇರಿದ್ದರೆ ಬಾಟುಲಿಸಂ ಎಂಬ ಮಾರಕ ರೋಗದ ಭಯವೂ ಇದೆ. ಅದನ್ನು ಹೊಲಕ್ಕೆ ಹಾಕುವುದೇ ಲೇಸು.

ಮೂಗಿನ ಅಳತೆ ಎಲ್ಲಿಯವರೆಗೆ?

ಪ್ರಮಾಣ, ಮಾರ್ಪಾಟು, ಅವಧಿ: ಈ ಮೂರು ಅಳತೆಗಳ ಮೇಲೆ ಹಳೆಯ ಪಂಡಿತರ ನಿಯಮ ನಿಂತಿದೆ. ಔಷಧ ಕೊಟ್ಟ ಮೇಲೆ ಇಷ್ಟು ದಿನ ಹಾಲು, ಮಾಂಸ ಮಾರಬಾರದೆಂದು ಪಶುವೈದ್ಯರು ಹೇಳುವ ನಿಯಮವೂ ಇದೇ ಜಾತಿಯದು. ಮೇವಿನಲ್ಲಿಯೂ ಇದಕ್ಕೆ ನಿದರ್ಶನವಿದೆ. ಬೂಷ್ಟು ಹಿಡಿದ ಶೇಂಗಾ ಹಿಂಡಿ, ಮೆಕ್ಕೆಜೋಳಗಳಲ್ಲಿರುವ ಅಫ್ಲಟಾಕ್ಸಿನ್ ವಿಷವು ಹಸು ತಿಂದ ಒಂದು ದಿನದೊಳಗೆ ಹಾಲಿನಲ್ಲಿ ಕಾಣಿಸಿಕೊಳ್ಳುತ್ತದೆ. ಕೆಟ್ಟ ಹಿಂಡಿ ನಿಲ್ಲಿಸಿ ಒಳ್ಳೆಯ ಮೇವು ಕೊಟ್ಟರೆ ಸಾಮಾನ್ಯವಾಗಿ 3-4 ದಿನಗಳಲ್ಲಿ ತೀರ ಕಡಿಮೆಯಾಗುತ್ತದೆ. ಭಾರತದಲ್ಲಿ 1 ಕಿಲೋ ಹಾಲಿನಲ್ಲಿ ಇದರ ಮಿತಿ 0.5 ಮೈಕ್ರೋಗ್ರಾಂ ಮಾತ್ರ.

ಆದರೆ ಈ ವಿಷಕ್ಕೆ ವಾಸನೆಯಿಲ್ಲ. ಸೀಸಕ್ಕೂ ವಾಸನೆಯಿಲ್ಲ, ಕೊಬ್ಬಿನಲ್ಲಿ ಕೂಡುವ ಡಿಡಿಟಿಯಂತಹ ಕೀಟನಾಶಕಕ್ಕೂ ಇಲ್ಲ. ಸೀಸ, ಡಿಡಿಟಿಗಳು 10 ದಿನಗಳ ಶುದ್ಧ ಮೇವಿನಿಂದ ಹೋಗುವಂಥವೂ ಅಲ್ಲ. ಬಯಲು ಶೌಚದ ಜಾಗದಲ್ಲಿ ಮೇಯ್ದ ದನದ ಮಾಂಸದಲ್ಲಿ ಲಾಡಿಹುಳುವಿನ ಮರಿಕೋಶಗಳು ಸೇರಿದರೆ ತಿಂಗಳುಗಟ್ಟಲೆ ಜೀವಂತವಾಗಿರುತ್ತವೆ. ಆದ್ದರಿಂದ ಶಾಸ್ತ್ರದ ಅವಧಿಯನ್ನು ಎಲ್ಲ ದೋಷಗಳಿಗೂ ಮದ್ದೆಂದು ತಿಳಿಯಬಾರದು. ತಿನ್ನುವವನಿಗೆ ಹಾನಿ ಮಾಡುವ ವಸ್ತು ಸಲ್ಲದೆಂಬ ತತ್ವವೂ ಅದೇ ಶಾಸ್ತ್ರದಲ್ಲಿದೆ. ಇಂಡೋನೇಷ್ಯಾದ ತೀರ್ಪು ಅದನ್ನು ಸ್ಪಷ್ಟವಾಗಿಯೇ ಸೇರಿಸಿಕೊಂಡಿದೆ. ಮೂಗಿಗೆ ಸಿಗದ್ದನ್ನು ಪ್ರಯೋಗಾಲಯವೂ, ಸಾಕುವವನ ಎಚ್ಚರಿಕೆಯೂ ಹಿಡಿಯಬೇಕು.

ರೈತರು ಗಮನಿಸಬೇಕಾದ ಅಂಶಗಳು

1. ಮಾರಲು ಸಾಕುವ ಕುರಿ, ಮೇಕೆ, ಕೋಳಿಗಳನ್ನು ತಿಪ್ಪೆ, ಚರಂಡಿ, ಬಯಲು ಶೌಚದ ಜಾಗಗಳಿಂದ ದೂರವಿಡಬೇಕು. ಪಟ್ಟಣದ ಕಸದಲ್ಲಿ ತಿಂದ ಪ್ಲಾಸ್ಟಿಕ್ ಹೊಟ್ಟೆಯಲ್ಲಿಯೇ ಉಳಿದು ಪ್ರಾಣಿಯನ್ನು ಸೊರಗಿಸುತ್ತದೆ.

2. ಹೊಲಸು ತಿನ್ನುವ ಅಭ್ಯಾಸವಿದ್ದ ಪ್ರಾಣಿಯನ್ನು ಕೊಂಡು ತಂದರೆ ಕೂಡಲೇ ಮಾರದೆ ಕೊಟ್ಟಿಗೆಯಲ್ಲಿಯೇ ಶುದ್ಧ ಮೇವು ನೀರು ಕೊಟ್ಟು ಸಾಕಬೇಕು. ಗ್ರಂಥಗಳಲ್ಲಿ ಹೇಳಿದ ಅವಧಿ ಕನಿಷ್ಠವೆಂದು ತಿಳಿದು, ಸಾಧ್ಯವಾದರೆ ಹೆಚ್ಚು ದಿನ ಇಡಬೇಕು.

3. ಮೇವನ್ನು ಒಮ್ಮೆಲೇ ಬದಲಾಯಿಸಬಾರದು. ಕಾಳು, ಹಿಂಡಿಗಳನ್ನು 7-10 ದಿನಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ಹೆಚ್ಚಿಸಬೇಕು. ಇಲ್ಲದಿದ್ದರೆ ಹೊಟ್ಟೆಯಲ್ಲಿ ಹುಳಿ ಹೆಚ್ಚಿ ಪ್ರಾಣಿ ಸಾಯಬಹುದು.

4. 25 ಕಿಲೋ ತೂಕದ ಮೇಕೆಗೆ ದಿನಕ್ಕೆ ಸುಮಾರು 1 ಕಿಲೋ ಒಣಪದಾರ್ಥ ಬೇಕು. ಅಗಸೆ, ಸುಬಾಬುಲ್, ಹಲಸಿನ ಸೊಪ್ಪು, ಮೇವಿನ ಜೋಳ, ತೊಗರಿ ಹೊಟ್ಟುಗಳನ್ನು ಸ್ವಂತ ಹೊಲದಲ್ಲಿ ಬೆಳೆದುಕೊಂಡರೆ ಮೇವಿನ ಮೂಲ ತಿಳಿದಿರುತ್ತದೆ.

5. ಹಿಂಡಿ, ಬೂಸಾಗಳನ್ನು ನೆಲಕ್ಕೆ ತಾಗದಂತೆ ಹಲಗೆಯ ಮೇಲೆ, ತೇವವಿಲ್ಲದ ಕಡೆ ಇಡಬೇಕು. ಬೂಷ್ಟು ಹಿಡಿದದ್ದನ್ನು ತೊಳೆದು, ಒಣಗಿಸಿ ಹಾಕುವುದರಿಂದ ವಿಷ ಹೋಗುವುದಿಲ್ಲ, ಹಾಕಲೇಬಾರದು.

6. ಚೀಲದ ಆಹಾರ ಕೊಳ್ಳುವಾಗ ಅದರಲ್ಲಿ ಪ್ರಾಣಿಮೂಲದ ಪದಾರ್ಥವಿದೆಯೇ ಎಂದು ಚೀಟಿ ನೋಡಬೇಕು, ತಿಳಿಯದಿದ್ದರೆ ಮಾರುವವರನ್ನು ಕೇಳಬೇಕು.

7. ಔಷಧ ಕೊಟ್ಟ ದಿನವನ್ನು ಬರೆದಿಟ್ಟು, ಪಶುವೈದ್ಯರು ಹೇಳಿದ ಅವಧಿ ಮುಗಿಯುವವರೆಗೆ ಹಾಲು, ಮೊಟ್ಟೆ, ಮಾಂಸಕ್ಕೆ ಮಾರಬಾರದು.

8. ಗಿರಾಕಿ ಕೇಳಿದಾಗ ಪ್ರಾಣಿ ತಿಂದದ್ದನ್ನು ಮುಚ್ಚಿಡದೆ ಹೇಳಬೇಕು. ಯಾವುದು ಸಮ್ಮತ, ಯಾವುದು ಅಸಮ್ಮತ ಎಂಬ ಧಾರ್ಮಿಕ ತೀರ್ಮಾನ ಅವರದು ಮತ್ತು ಅವರ ಧರ್ಮಗುರುಗಳದು. ಸತ್ಯ ಹೇಳುವ ಕೆಲಸ ರೈತನದು.

ಒಟ್ಟಿನಲ್ಲಿ, ಪ್ರಾಣಿಗೆ ಹೊಟ್ಟೆ ತುಂಬ ಮೇವು ಕೊಡಬೇಕು, ಆ ಮೇವು ಶುದ್ಧವಾಗಿರಬೇಕು, ಕೆಟ್ಟಿದ್ದರೆ ಶುದ್ಧವಾಗುವವರೆಗೆ ಕಾಯಬೇಕು ಎಂಬುದು ಈ ನಿಯಮಗಳ ಸಾರ. ಯಾವ ಧರ್ಮದ ರೈತನಾಗಲಿ, ಯಾವ ಧರ್ಮದ ಗಿರಾಕಿಯಾಗಲಿ, ಇದರಿಂದ ಇಬ್ಬರಿಗೂ ಲಾಭವೇ. ತನ್ನ ಮಕ್ಕಳಿಗೆ ಅಂಜದೆ ಬಡಿಸಬಹುದಾದ ಹಾಲು, ಮೊಟ್ಟೆ, ಮಾಂಸವನ್ನೇ ಸಂತೆಗೆ ಒಯ್ಯುವ ರೈತನನ್ನು ಗಿರಾಕಿಗಳು ಮರು ವರ್ಷವೂ ಹುಡುಕಿಕೊಂಡು ಬರುತ್ತಾರೆ.